ಎಲ್ ನಿನೋ ಹುಡುಕಿಕೊಂಡು ಬೋಲ್ಡರ್ ಗುಡ್ಡ ಹತ್ತಿದ್ದು

2023ರ ಜೂನ್. ಆಫೀಸ್ ಕೆಲಸದ ಮೇಲೆ ಮೂರು ವಾರ ಅಮೆರಿಕದ ಡೆನ್ವರ್‌ನಲ್ಲಿದ್ದೆ. ಚಳ್ಳಕೆರೆ ಹತ್ತಿರದ ನಮ್ಮೂರಿಂದ ಅಪ್ಪ ಫೋನ್ ಮಾಡಿದ್ರು. "ಟೀವಿಲಿ ಎಲ್ ನಿನೋ, ಎಲ್ ನಿನೋ ಅಂತ ಬಡ್ಕಂತಾರೆ. ಶೇಂಗಾ ಬೀಜ ತರೋದಾ, ಬಿಡೋದಾ? ನೀನು ಕಂಪ್ಯೂಟರ್ ಕೆಲಸದೋನು, ನೋಡಿ ಹೇಳಪ್ಪ."

ನನ್ನ ಕೆಲಸಕ್ಕೂ ಮಳೆಗೂ ಸಂಬಂಧ ಇಲ್ಲ ಅಂತ ಹೇಳೋಕೆ ಹೊರಟವನು ಸುಮ್ಮನಾದೆ. ಕಂಪ್ಯೂಟರಿಗೂ ಮಳೆಗೂ ಸಂಬಂಧ ಕಟ್ಟಿದ ಜಾಗವೊಂದು ನಾನಿದ್ದ ಕಡೆಯಿಂದ ಮುಕ್ಕಾಲು ಗಂಟೆ ದೂರದಲ್ಲೇ ಇತ್ತು. ಶನಿವಾರ ಹೊರಟುಬಿಟ್ಟೆ.

ಅದು ಬೋಲ್ಡರ್ ಊರಿನ ಗುಡ್ಡದ ಮೇಲಿರುವ ಎನ್‌ಸಿಎಆರ್, ಅಂದರೆ ಅಮೆರಿಕದ ರಾಷ್ಟ್ರೀಯ ವಾತಾವರಣ ಸಂಶೋಧನಾ ಕೇಂದ್ರ. ಟೇಬಲ್ ಮೇಸಾ ರಸ್ತೆ ಹಿಡಿದರೆ ಕೊನೆಗೆ ಸಿಗೋದೇ ಅದು. ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಹಿಂದೆ ಫ್ಲಾಟೈರನ್ಸ್ ಎಂಬ ದೊಡ್ಡ ಬಂಡೆಗಳು ಓರೆಯಾಗಿ ನಿಂತಿವೆ. ಅವುಗಳ ಬಣ್ಣಕ್ಕೇ ಹೊಂದುವ ಕೆಂಪು ಛಾಯೆಯ ಕಾಂಕ್ರೀಟ್ ಕಟ್ಟಡ. 1967ರಲ್ಲಿ ಉದ್ಘಾಟನೆಯಾದ ಇದರ ವಾಸ್ತುಶಿಲ್ಪಿ ಐ. ಎಂ. ಪೇ. ಮೇಸಾ ವರ್ಡೆಯಲ್ಲಿ ಮೂಲನಿವಾಸಿಗಳು ಬಂಡೆಯ ಮಡಿಲಲ್ಲಿ ಕಟ್ಟಿಕೊಂಡಿದ್ದ ಮನೆಗಳೇ ಅವರಿಗೆ ಪ್ರೇರಣೆಯಂತೆ. ಚಿತ್ರದುರ್ಗದ ಕೋಟೆ ನೋಡಿ ಬೆಳೆದ ನನಗೆ, ಬಂಡೆಗೆ ಒರಗಿ ನಿಂತ ಈ ಕಟ್ಟಡ ಅಪರಿಚಿತ ಅನ್ನಿಸಲಿಲ್ಲ.

ಈ ಸಂಸ್ಥೆಗೆ 1977ರಲ್ಲಿ ಕ್ರೇ-1 ಸೂಪರ್ ಕಂಪ್ಯೂಟರ್ ಬಂತು. ಆಳೆತ್ತರದ ಕಂಬ, ಸುತ್ತ ಸೋಫಾದಂಥ ಕಟ್ಟೆ. ಮೆಮೊರಿ ಬರೀ 8 ಎಂಬಿ! ನಮ್ಮ ಫೋನಿನ ಎರಡು ಫೋಟೋಗೂ ಸಾಲದು. ಆ ಕಾಲದಲ್ಲಿ ಹವಾಮಾನದ ಲೆಕ್ಕ ಹಾಕಿದ್ದು ಅಂಥ ಯಂತ್ರದಲ್ಲೇ. ಈಗಿನ ದೊಡ್ಡ ಯಂತ್ರಗಳು ಪಕ್ಕದ ವಯೋಮಿಂಗ್ ರಾಜ್ಯದ ಶಯೆನ್‌ನಲ್ಲಿವೆ.

ಎಲ್ ನಿನೋ ಅಂದರೆ ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ಮಾಮೂಲಿಗಿಂತ ಬಿಸಿಯಾಗೋದು. ಆಗ ಗಾಳಿಯ ದಾರಿ ಬದಲಾಗುತ್ತೆ, ನಮ್ಮ ಮುಂಗಾರು ಸೊರಗಬಹುದು. ಈ ನಂಟಿನ ಒಂದು ತುದಿ ಸಿಕ್ಕಿದ್ದು ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಅವರಿಗೆ. ಮುಂಗಾರನ್ನು ಮೊದಲೇ ಹೇಳೋಕಾಗುತ್ತಾ ಅಂತ ಹುಡುಕುತ್ತಾ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರದ ನಡುವೆ ಗಾಳಿಯ ಒತ್ತಡ ತೂಗುಯ್ಯಾಲೆಯಂತೆ ಏರಿಳಿಯೋದನ್ನು ಅವರು ಗುರುತಿಸಿದರು. ಹಳೇ ಮೈಸೂರು ಸೀಮೆಯವರು ಧಾತು-ಈಶ್ವರ ಸಂವತ್ಸರದ ಬರ ಅನ್ನುವ 1876-78ರ ಬರದ ಹಿಂದೆಯೂ ದೊಡ್ಡದೊಂದು ಎಲ್ ನಿನೋ ಇತ್ತು. ಹಾಗಂತ ಎಲ್ ನಿನೋ ಬಂದರೆ ಬರ ಖಾತ್ರಿ ಅಂತಲ್ಲ. 1997ರದ್ದು ಭಾರೀ ಎಲ್ ನಿನೋ, ಆದರೂ ಆ ವರ್ಷ ದೇಶದ ಮುಂಗಾರು ಹೆಚ್ಚುಕಡಿಮೆ ಸರಾಸರಿಯಷ್ಟೇ ಇತ್ತು.

ತೊಂದರೆ ಇರೋದು ಇಲ್ಲೇ. ಥರ್ಮಾಮೀಟರ್ ಹಿಡಿದು ಬರೆದಿಟ್ಟ ಲೆಕ್ಕ ಸುಮಾರು 150 ವರ್ಷದ್ದು. ಅದರಲ್ಲಿ ದೊಡ್ಡ ಎಲ್ ನಿನೋಗಳು ಬೆರಳೆಣಿಕೆಯಷ್ಟು. ಇಷ್ಟನ್ನೇ ನಂಬಿ ಮುಂದಿನ ನೂರು ವರ್ಷದ ಭವಿಷ್ಯ ಹೇಳೋದು ಹೇಗೆ? ಅದಕ್ಕೇ ವಿಜ್ಞಾನಿಗಳು ಮಾಡೆಲ್‌ಗೆ ಹಿಂದಿನ ಕಾಲದ ಪರೀಕ್ಷೆ ಕೊಡ್ತಾರೆ. ಪ್ರಶ್ನೆಪತ್ರಿಕೆ ಮಾಡೆಲ್‌ಗೆ, ಉತ್ತರಪತ್ರಿಕೆ ಪ್ರಕೃತಿಯ ಹತ್ತಿರ. ಹವಳದ ಪದರಗಳಲ್ಲಿ ಆಗಿನ ಸಮುದ್ರದ ಬಿಸಿಯ ಗುರುತಿದೆ. ಈಕ್ವೆಡಾರ್‌ನ ಬೆಟ್ಟದ ಸರೋವರದ ತಳದಲ್ಲಿ ಎಲ್ ನಿನೋ ಮಳೆ ಕೊಚ್ಚಿ ತಂದ ಮಣ್ಣಿನ ಪದರಗಳಿವೆ.

ಅಂಥ ಪರೀಕ್ಷೆಗಳಲ್ಲಿ ಹೆಸರುವಾಸಿಯಾದದ್ದು 'ಟ್ರೇಸ್'. ಹಿಮಯುಗ ಉತ್ತುಂಗದಲ್ಲಿದ್ದ ಸುಮಾರು 21,000 ವರ್ಷದ ಹಿಂದಿನಿಂದ ಇತ್ತೀಚಿನವರೆಗೆ ಹವಾಮಾನವನ್ನು ಒಂದೇ ಓಟದಲ್ಲಿ ಕಂಪ್ಯೂಟರಿನೊಳಗೆ ಮರುಸೃಷ್ಟಿ ಮಾಡಿದ್ದು. ಝೆಂಗ್ಯು ಲಿಯು ಮತ್ತು ಸಂಗಡಿಗರು ಅದರ ಮೊದಲ ಫಲಿತಾಂಶ ಪ್ರಕಟಿಸಿದ್ದು 2009ರಲ್ಲಿ. ಬಳಸಿದ ಮಾಡೆಲ್ ಈ ಬೋಲ್ಡರ್ ಸಂಸ್ಥೆಯದ್ದೇ. ಭೂಮಿಯ ಕಕ್ಷೆ, ಹಿಮದ ಹಾಸು, ಕಾರ್ಬನ್ ಡೈ ಆಕ್ಸೈಡ್‌ನಂಥ ಹಸಿರುಮನೆ ಅನಿಲಗಳು, ಹಿಮ ಕರಗಿ ಸಮುದ್ರ ಸೇರುವ ನೀರು, ಇಷ್ಟನ್ನು ಮಾತ್ರ ಕೊಡ್ತಾರೆ. ಮಿಕ್ಕಿದ್ದು ಭೌತಶಾಸ್ತ್ರದ ಸಮೀಕರಣಗಳ ಕೆಲಸ.

ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಎಲ್ ನಿನೋ ಏರಿಳಿತ ಮೆಲ್ಲಗೆ ಬಲವಾಗುತ್ತಾ ಬಂತು ಅಂತ ಈ ಮಾಡೆಲ್ ಹೇಳಿತು. ಕಾರಣ, ಭೂಮಿ ಸೂರ್ಯನಿಗೆ ಅತಿ ಹತ್ತಿರವಾಗುವ ತಿಂಗಳು ನಿಧಾನವಾಗಿ ಸರಿಯುತ್ತಿರುವುದು. ಸುಮಾರು 10,000 ವರ್ಷದ ಹಿಂದೆ ಅದು ಉತ್ತರಾರ್ಧಗೋಳದ ಬೇಸಿಗೆಯಲ್ಲಿತ್ತು, ಈಗ ಜನವರಿಯಲ್ಲಿದೆ. 6,000 ವರ್ಷದ ಹಿಂದೆ ಎಲ್ ನಿನೋ ದುರ್ಬಲವಾಗಿತ್ತು ಅನ್ನೋಕೆ ಹವಳ, ಸರೋವರಗಳಲ್ಲೂ ಸಾಕ್ಷ್ಯ ಇದೆ. ಆದರೆ ಎಷ್ಟು ದುರ್ಬಲ ಅನ್ನೋದರಲ್ಲಿ ಮಾಡೆಲ್‌ಗೂ ಹವಳಕ್ಕೂ ಇನ್ನೂ ತಾಳೆಯಾಗಿಲ್ಲ. ಮಾಡೆಲ್ ಪಾಸಾಗಿದೆ, ಡಿಸ್ಟಿಂಕ್ಷನ್ ಬಂದಿಲ್ಲ ಅನ್ನಬಹುದು.

ಕಟ್ಟಡದ ಹಿಂದಿನ ಕಾಲುದಾರಿಯಲ್ಲಿ ಕೂತು ಅಪ್ಪನಿಗೆ ಫೋನ್ ಹಚ್ಚಿದೆ. ಆ ಮಾಡೆಲ್ ಭೂಮಿಯನ್ನು ಸುಮಾರು 400 ಕಿಲೋಮೀಟರ್ ಅಗಲದ ಚೌಕಗಳಾಗಿ ಹೆಚ್ಚಿಕೊಂಡು ಲೆಕ್ಕ ಹಾಕುತ್ತೆ, ಇಡೀ ಕರ್ನಾಟಕಕ್ಕೆ ಎರಡು-ಮೂರು ಚೌಕ ಬರಬಹುದು ಅಂದೆ.

"ಅಂದ್ರೆ ಆಗುಂಬೆಗೂ ಚಳ್ಳಕೆರೆಗೂ ಒಂದೇ ಮಳೆನಾ?" ಅಪ್ಪ ನಕ್ಕರು.

"ಹ್ಞೂಂ. ಅದು ನಮ್ ಹೊಲದ ಮಳೆ ಹೇಳಲ್ಲ ಅಪ್ಪ. ಸಮುದ್ರ ಬಿಸಿಯಾದ್ರೆ ಏನೇನು ಆಗಬಹುದು ಅಂತ ಹೇಳುತ್ತೆ. ಅಪಾಯ ಜಾಸ್ತಿ ಇದೆ. ಪೂರ್ತಿ ಹೊಲಕ್ಕೆ ಸಾಲ ಮಾಡಿ ಶೇಂಗಾ ಹಾಕ್ಬೇಡಿ. ಅರ್ಧಕ್ಕೆ ಹಾಕಿ, ಇನ್ನರ್ಧಕ್ಕೆ ಸಜ್ಜೆ, ತೊಗರಿ ನೋಡಿ."

ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಯ್ತು. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ನಮ್ಮ ಶೇಂಗಾ ಹೂವಿಗೇ ಒಣಗಿತು. ಸಜ್ಜೆ ಮನೆಗಾಗುವಷ್ಟು ಬಂತು. ಬೀಜದ ಸಾಲ ಅರ್ಧಕ್ಕೇ ನಿಂತಿತ್ತು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಒಂದೇ ಮಾತು ಕೇಳಿದರು. "ಆ ಗುಡ್ಡದೋರು ಚೌಕ ಸಣ್ಣದು ಮಾಡ್ತಾ ಇದಾರಾ?"

ಮಾಡ್ತಾ ಇದಾರೆ ಅಪ್ಪ, ಅಂದೆ. ಅದು ನಿಜ. ಹೊಸ ಮಾಡೆಲ್‌ಗಳಲ್ಲಿ ಪಶ್ಚಿಮಘಟ್ಟದ ಗೆರೆ ಈಗೀಗ ಕಾಣಿಸೋಕೆ ಶುರುವಾಗಿದೆ.