ಸನದ್‌ನ ಊಟದ ಮೇಜಿನ ಮೇಲೊಂದು ಗಣಕಯಂತ್ರ

ಮಗನ ಓದಿಗೆ ಗಣಕಯಂತ್ರ ಬೇಕಾದಾಗ ನಾವು ತೆಗೆದಿರಿಸಿದ್ದು, ಶೇ. 10ರ ವ್ಯಾಟ್ ಸೇರಿ, 150 ದಿನಾರು. ಮೀರಿದರೆ ಬೇಸಿಗೆಯಲ್ಲಿ ಊರಿಗೆ ಹೋಗುವ ಟಿಕೆಟ್ಟಿನ ಹಣಕ್ಕೆ ಕೈಹಾಕಬೇಕಿತ್ತು. ಆದ್ದರಿಂದ ಬಿಡಿಭಾಗಗಳನ್ನು ಕೊಂಡು ಸನದ್‌ನ ಮನೆಯಲ್ಲೇ ಜೋಡಿಸಲು ನಿಶ್ಚಯಿಸಿದೆವು.

ಮಗನ ಕಣ್ಣೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಅದೊಂದೇ ನಮ್ಮ ಗಂಟನ್ನು ನುಂಗುವಂತಿತ್ತು. ಬಹಳ ಚರ್ಚೆಯ ನಂತರ, ಗ್ರಾಫಿಕ್ಸ್ ತನ್ನೊಳಗೇ ಇರುವ ರೈಜನ್ 5 5600ಜಿ ಪ್ರೊಸೆಸರ್ ಆರಿಸಿದೆವು. ಅದು ಚಿತ್ರಕ್ಕೂ ರ‍್ಯಾಮನ್ನೇ ಬಳಸುವುದರಿಂದ 16 ಜಿಬಿಯ ಒಂದಕ್ಕಿಂತ 8 ಜಿಬಿಯ ಎರಡು ಮೇಲು. ಕ್ಯಾಬಿನೆಟ್ಟಿನೊಡನೆ ಬರುವ ಅಗ್ಗದ ಪವರ್ ಸಪ್ಲೈಯನ್ನು ಅಂಗಡಿಯವರು ಹೊಗಳಿದರೂ ನಾವು ಒಪ್ಪಲಿಲ್ಲ. ಅದು ಕೆಟ್ಟರೆ ಉಳಿದವನ್ನೂ ಕೆಡಿಸಬಲ್ಲದು. ಮಾನಿಟರಿಗೆ ಬದಲು ಮನೆಯ ಹಳೆಯ ಟೀವಿಯೇ ಒದಗಿತು.

ಶುಕ್ರವಾರ, ಧೂಳಿಗೆ ಹೆದರಿ ಕಿಟಕಿ ಮುಚ್ಚಿ, ಊಟದ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದೆವು. ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ನಮಗೆ ಟಿಕೆಟ್ಟಿನ ಹಣವೇ ಕಣ್ಮುಂದೆ ಬಂದಿತು.

“ಅಪ್ಪಾ, ಒಂದು ರ‍್ಯಾಮ್ ಸರಿಯಾಗಿ ಕೂತಿಲ್ಲ” ಎಂದ ಮಗ. ವಿದ್ಯುತ್ ಕಡಿದು ಅದುಮಿದಾಗ ಅದು ಟಕ್ಕೆಂದು ಕುಳಿತಿತು. ಪರದೆ ಬೆಳಗಿತು.

ಕಾರ್ಡಿಗಾಗಿ ಖಾಲಿ ಬಿಟ್ಟ ಜಾಗವನ್ನು ಆತ ಈಗಲೂ ಆಗಾಗ ನಮಗೆ ತೋರಿಸುತ್ತಾನೆ.