ಅತ್ತೆಯ ಹಾಡು ಮತ್ತು ಎರಡು ವಿಳಾಸ

ಶ್ರೀನಿವಾಸಪುರದ ನಮ್ಮ ತವರಿನಲ್ಲಿ ಗಿಣಿಮೂತಿ ಅಂತೀವಿ. ಮಂಡಿಯವರು ಅದೇ ಮಾವಿಗೆ ತೋತಾಪುರಿ ಅಂತಾರೆ. ಹೆಸರು ಬೇರೆಯಾದರೂ ನಾವು ಹಣ್ಣು ನೋಡಿ ತಿಳಿದುಕೊಳ್ತೀವಿ. ಕಂಪ್ಯೂಟರಿಗೆ ಅಷ್ಟು ಬುದ್ಧಿ ಇಲ್ಲ ನೋಡಿ!

ಮುಳಬಾಗಿಲಿನ ನಮ್ಮತ್ತೆಗೆ ಸೋಬಾನೆ ಹಾಡುಗಳು ಬಾಯಿಪಾಠ. ಅವರು ಹಾಡಿದ್ದನ್ನೆಲ್ಲ ಪೆನ್‌ಡ್ರೈವಿಗೆ ತುಂಬುತ್ತಿದ್ದೆ. ಪೆನ್‌ಡ್ರೈವ್ ಸಿಕ್ಕಿಸಿದರೆ ಕಂಪ್ಯೂಟರಿಗೂ ಒಂದು ಪ್ರತಿ ಇಳಿಯುವಂತೆ ಮಗ ಏರ್ಪಾಡು ಮಾಡಿದ್ದ. ಆಮೇಲೆ ಅವನೇ ಉಬುಂಟು ತೆಗೆದು ಫೆಡೋರಾ ಹಾಕಿದ. ಎರಡೂ ಲಿನಕ್ಸೇ. ಆದರೆ ಪೆನ್‌ಡ್ರೈವನ್ನು ಮೊದಲನೆಯದು 'ಮೀಡಿಯಾ' ಎಂಬ ಜಾಗದಲ್ಲಿ ತೋರಿಸಿದರೆ, ಎರಡನೆಯದು 'ರನ್' ಒಳಗಿನ 'ಮೀಡಿಯಾ'ದಲ್ಲಿ ತೋರಿಸುತ್ತದೆ. ಹಳೇ ವಿಳಾಸದಲ್ಲಿ ಹುಡುಕಿದ ಕಂಪ್ಯೂಟರು ಏನೂ ಸಿಗದೆ ಸುಮ್ಮನಾಯಿತು. ನಾವೂ ತೆರೆದು ನೋಡಲಿಲ್ಲ, ತಪ್ಪು ನಮ್ಮದೇ.

ಕೆಲವು ತಿಂಗಳಲ್ಲಿ ಪೆನ್‌ಡ್ರೈವ್ ಕೆಟ್ಟಿತು. ಆ ನಡುವೆ ಹಾಡಿದ್ದೆಲ್ಲ ಹೋಯಿತು. ನಾನು ಅತ್ತಾಗ ಅತ್ತೆ, "ಅದಕ್ಕೇನಮ್ಮಾ, ಮತ್ತೆ ಹಾಡ್ತೀನಿ ಬಿಡು" ಅಂದರು. ಹಾಡಿದರು ಕೂಡ. ಎರಡು ಹಾಡು ಮಾತ್ರ ಎಷ್ಟು ಯೋಚಿಸಿದರೂ ಅವರ ನೆನಪಿಗೆ ಬರಲಿಲ್ಲ.

ಪ್ರತಿ ಪೆನ್‌ಡ್ರೈವಿನ ಒಳಗೂ 'ಯುಯುಐಡಿ' ಎಂಬ ಗುರುತು ಇರುತ್ತದಂತೆ. ಫಾರ್ಮ್ಯಾಟ್ ಮಾಡದಿದ್ದರೆ ಅದು ಯಾವ ಲಿನಕ್ಸಿನಲ್ಲೂ ಬದಲಾಗುವುದಿಲ್ಲ. ಈಗ ಮಗ ಆ ಗುರುತನ್ನೇ ಹಿಡಿದು ಹುಡುಕುವಂತೆ ಮಾಡಿದ್ದಾನೆ. ಆದರೂ ಪ್ರತಿ ಭಾನುವಾರ ನಕಲನ್ನು ತೆರೆದು ಒಂದು ಹಾಡು ಕೇಳಿಯೇ ನಾನು ಒಲೆ ಹಚ್ಚೋದು. ನೀವೂ ಅಷ್ಟೇ, 'ಇನ್ನೊಂದು ಪ್ರತಿ ಇದೆ' ಅಂತ ನಂಬಿ ಕೂರಬೇಡಿ, ತೆರೆದು ನೋಡಿ.