ಕಣದ ಪಾಲು

ಒಂದು ಕಾಲದಲ್ಲಿ ಮಧ್ಯಮ ವರ್ಗದ ಮನೆಗಳ ಆಸೆಯೆಲ್ಲ ಅಂಚೆಯವನ ಚೀಲದಲ್ಲಿ ಅಡಗಿರುತ್ತಿತ್ತು. ಅವನು ದಿನಕ್ಕೊಮ್ಮೆ ಬರುವನು. ‘ಇವತ್ತು ಏನೂ ಇಲ್ಲ’ ಎಂದು ತಲೆಯಾಡಿಸಿ ಹೋದನೆಂದರೆ ಮರುದಿನದವರೆಗೆ ಮನೆಯವರು ನೆಮ್ಮದಿಯಿಂದ ಉಣ್ಣಬಹುದಾಗಿತ್ತು. ಈಗ ಆ ಚೀಲದ ಸ್ಥಾನವನ್ನು ಅಂಗೈಯಗಲದ ಮೊಬೈಲು ಪಡೆದಿದೆ. ಅದಕ್ಕೆ ಹೊತ್ತುಗೊತ್ತಿಲ್ಲ, ಅಂಚೆಯವನಿಗಿದ್ದ ಕರುಣೆಯೂ ಇಲ್ಲ.

ಮೈಸೂರಿನ ಸರಸ್ವತೀಪುರಂನ ಒಂದು ಮನೆ 2024ರಲ್ಲಿ ನಾಲ್ಕು ತಿಂಗಳ ಕಾಲ ಈ ಮೊಬೈಲಿನ ಮುಖ ನೋಡುತ್ತ ಕಳೆಯಿತು. ಇತಿಹಾಸದಲ್ಲಿ ಎಂ.ಎ. ಮುಗಿಸಿದ ಹಿರಿಯ ಮಗಳಿಗೆ ಡಾಕ್ಟರೇಟ್ ಪಡೆಯಬೇಕೆಂಬ ಹಂಬಲ. ಅವಳು ಆರಿಸಿಕೊಂಡ ವಿಷಯ ಹಳೆಯ ಮೈಸೂರು ಸೀಮೆಯ ಕೆರೆ ಶಾಸನಗಳು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಕೆರೆ ಕಟ್ಟಿಸಿದವರ, ಒಡೆದ ಏರಿಯನ್ನು ತಿದ್ದಿಸಿದವರ ಹೆಸರುಗಳನ್ನು ಹುಡುಕುತ್ತ ಕುಳಿತಳೆಂದರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಆದರೆ ಶಾಸನ ಓದುವವರಿಗೂ ಹೊಟ್ಟೆಯುಂಟು. ತಂದೆ ಆ ವರ್ಷವೇ ನಿವೃತ್ತರಾಗುವವರು. ತಮ್ಮನ ಎಂಜಿನಿಯರಿಂಗ್ ವ್ಯಾಸಂಗ ಇನ್ನೂ ಎರಡು ವರ್ಷವಿತ್ತು.

ಆದ್ದರಿಂದ ಅವಳಿಗೆ ಕಂಡ ದಾರಿ ಒಂದೇ: ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ‘ನೆಟ್’ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಷಿಪ್ಪನ್ನು ಗೆಲ್ಲುವುದು. 2023ರ ಜನವರಿಯಿಂದ ಅನ್ವಯವಾದ ದರದಂತೆ ಅದು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಕೆಲಸ ತೃಪ್ತಿಕರವಾಗಿದ್ದರೆ ಅನಂತರ 42,000. ತಂದೆ ಈ ಅಂಕಿಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟರು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ.

ಜೂನ್ 18ರಂದು ಪರೀಕ್ಷೆ ನಡೆಯಿತು. ಮೂರು ಗಂಟೆ, 150 ಪ್ರಶ್ನೆ, 300 ಅಂಕ. ಉತ್ತರದ ವೃತ್ತಗಳಿಗೆ ಮಸಿ ತುಂಬಿ ಮನೆಗೆ ಬಂದ ಮಗಳು, “ಈ ಸಲ ಪರವಾಗಿಲ್ಲ, ಅಮ್ಮ” ಎಂದಳು. ಮರುದಿನ ರಾತ್ರಿಯೇ, ಪರೀಕ್ಷೆಯ ಪ್ರಾಮಾಣಿಕತೆಯ ಬಗೆಗೆ ಸಂಶಯ ಹುಟ್ಟಿದ್ದರಿಂದ ಅದನ್ನು ರದ್ದುಗೊಳಿಸಲಾಗಿದೆಯೆಂಬ ಸುದ್ದಿ ಬಂತು. ದೇಶದಾದ್ಯಂತ 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆ ಒಂದೇ ದಿನದಲ್ಲಿ ಇಲ್ಲವಾಯಿತು. ಚೆನ್ನಾಗಿ ಬರೆದವರಿಗೆ ಅದು ಕಳೆದುಹೋದ ಒಡವೆ; ಬರೆಯದವರಿಗೆ ಪುನರ್ಜನ್ಮ. ತಾನು ಯಾವ ಗುಂಪಿಗೆ ಸೇರಿದವಳೆಂಬುದು ಮಗಳಿಗೆ ಇನ್ನೆಂದಿಗೂ ತಿಳಿಯುವಂತಿರಲಿಲ್ಲ. ಅವಳನ್ನು ಹೆಚ್ಚಾಗಿ ಕಾಡಿದ್ದು ಅದೇ.

ಮರುಪರೀಕ್ಷೆ ಆಗಸ್ಟ್ 21ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ, ಈ ಬಾರಿ ಕಂಪ್ಯೂಟರಿನ ಮುಂದೆ, ನಡೆಯಿತು. ಅನಂತರ ಉಳಿದದ್ದು ಕಾಯುವ ಕೆಲಸ. ಗಣೇಶನ ಹಬ್ಬ ಬಂದು ಹೋಯಿತು, ನವರಾತ್ರಿ ಬಂತು. ಗೊಂಬೆ ನೋಡಲು ಬಂದ ಹೆಂಗಸರು ಪಟ್ಟದ ಗೊಂಬೆಗಳನ್ನು ಒಂದು ಗಳಿಗೆ ನೋಡಿ, ಮನೆಯ ಮಗಳನ್ನು ಎರಡು ಗಳಿಗೆ ನೋಡಿ, “ಮುಂದೇನು ಮಾಡ್ತಾಳಂತೆ?” ಎಂದು ತಾಯಿಯನ್ನು ಕೇಳುವರು. ಹಾಸನದ ಕಡೆಯ ಒಂದು ಸಂಬಂಧದವರು, ಹುಡುಗಿ ಓದುತ್ತಿದ್ದಾಳೆಯೇ ಕೆಲಸದಲ್ಲಿದ್ದಾಳೆಯೇ ಎಂದು ವಿಚಾರಿಸಿದರು. ‘ಕಾಯುತ್ತಿದ್ದಾಳೆ’ ಎಂಬ ಉತ್ತರಕ್ಕೆ ಅವರ ಪ್ರಶ್ನೆಯಲ್ಲಿ ಜಾಗವಿರಲಿಲ್ಲ. ತಾಯಿ ಕೋಸಂಬರಿಯ ತಟ್ಟೆಯನ್ನು ಮುಂದಿಟ್ಟು ಮಾತು ಮರೆಸಿದರು.

ಮಗಳು ಬಾಡಿದಾಗಲೆಲ್ಲ ತಂದೆ ರಾಮಾನುಜನ್ನರ ಕಥೆಯನ್ನು ತೆಗೆಯುವರು. ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ, ಯಾವ ಪದವಿಯೂ ಇಲ್ಲದ ರಾಮಾನುಜನ್ನರಿಗೆ 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ನಿಯಮ ಸಡಿಲಿಸಿ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಮೂರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕೆಂಬುದಷ್ಟೇ ಕರಾರು. “ಯೋಗ್ಯತೆ ಇದ್ದವರಿಗೆ ಬಂದೇ ಬರುತ್ತೆ, ಪುಟ್ಟಿ” ಎಂದು ತಂದೆ ಕಥೆ ಮುಗಿಸುವರು.

ಒಂದು ಸಂಜೆ ಮಗಳು ತಡೆಯಲಾರದೆ ಕೇಳಿದಳು: “ಅಪ್ಪ, ರಾಮಾನುಜನ್‌ಗೆ ಸಿಕ್ಕಿತು, ಅದಕ್ಕೇ ಅವರ ಕಥೆ ನಮಗೆ ಗೊತ್ತು. ಸಿಗದೇ ಹೋದವರ ಕಥೆ ಯಾವ ಪುಸ್ತಕದಲ್ಲಿದೆ?”

ತಂದೆ ಕನ್ನಡಕ ತೆಗೆದು ಒರೆಸಿಕೊಂಡರು. ಆ ಕಥೆಯನ್ನು ಮತ್ತೆ ಹೇಳಲಿಲ್ಲ.

ಫಲಿತಾಂಶ ಅಕ್ಟೋಬರ್ 17ರಂದು, ವಿಜಯದಶಮಿ ಕಳೆದ ಐದನೆಯ ದಿನ, ಪ್ರಕಟವಾಯಿತು. ತಾಯಿ ಗೊಂಬೆಗಳನ್ನು ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಿದ್ದರು. ಮರುಪರೀಕ್ಷೆಗೆ ಕುಳಿತವರು 6,84,000ಕ್ಕೂ ಹೆಚ್ಚು. ಫೆಲೋಷಿಪ್ಪಿಗೆ ಅರ್ಹರಾದವರು 4,970. ನೂರಕ್ಕೆ ಒಬ್ಬರೂ ಇಲ್ಲ. ಮಗಳಿಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಡಾಕ್ಟರೇಟ್ ಪ್ರವೇಶಕ್ಕೂ ಅರ್ಹತೆ ದೊರೆತಿತ್ತು, ಫೆಲೋಷಿಪ್ ದೊರೆತಿರಲಿಲ್ಲ. ಬಾಗಿಲು ತೆರೆದಿತ್ತು, ಒಳಗೆ ಹೋದರೆ ಊಟಕ್ಕೆ ಮಾತ್ರ ಏರ್ಪಾಡಿರಲಿಲ್ಲ.

ಆ ರಾತ್ರಿ ಅವಳು ಅಜ್ಜಿಯ ಪಕ್ಕದಲ್ಲಿ ಬಂದು ಕುಳಿತಳು. ಅಜ್ಜಿಗೆ ಫೆಲೋಷಿಪ್ಪು ಎಂದರೇನೆಂದು ಅದುವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮಗಳು ತನಗೆ ತಿಳಿದ ರೀತಿಯಲ್ಲಿ ಹೇಳಿದಳು. ಹಿಂದೆ ಕೆರೆ ಕಟ್ಟಿಸಿದವರಿಗೂ ಅದನ್ನು ಕಾಪಾಡುವವರಿಗೂ ಗದ್ದೆ ಬಿಟ್ಟುಕೊಡುವ ಪದ್ಧತಿಯಿತ್ತು. ಆ ದತ್ತಿಗೆ ಶಾಸನಗಳಲ್ಲಿ ‘ಬಿತ್ತುವಟ್ಟ’ವೆಂದು ಹೆಸರು. ಇದೂ ಹಾಗೆಯೇ, ಓದುವ ಕೆಲಸಕ್ಕೆ ಸರ್ಕಾರ ಬಿಟ್ಟುಕೊಡುವ ಗದ್ದೆ.

ಅಜ್ಜಿಯ ಮುಖ ಅರಳಿತು. “ನಮ್ಮೂರಲ್ಲಿ ನೀರುಗಂಟಿ ಇದ್ದ ಕಣೇ. ತೂಬು ಎತ್ತೋದು, ಗದ್ದೆಗದ್ದೆಗೂ ನೀರು ಹಾಯಿಸೋದು ಅವನ ಕೆಲಸ. ಸುಗ್ಗೀಲಿ ಎಲ್ಲರ ಕಣದಲ್ಲೂ ಅವನಿಗೊಂದು ಪಾಲು ಅಳೆದು ಕೊಟ್ಟಮೇಲೇ ಭತ್ತ ಮನೆಗೆ ಬರ್ತಿದ್ದುದು. ಅದನ್ನ ಯಾರೂ ದಾನ ಅಂತಿರಲಿಲ್ಲ. ಅವನು ಹಸಿದರೆ ಗದ್ದೆಗೆ ನೀರೆಲ್ಲಿಂದ ಬರಬೇಕು?”

“ಈಗ ನೀರುಗಂಟಿಗಳು ಲಕ್ಷಾಂತರ ಅಜ್ಜಿ, ಪಾಲು ಕೆಲವು ಸಾವಿರ.”

“ಹಾಗಾದ್ರೆ ಪಾಲು ಸಿಗದವನು ನೀರು ಹಾಯಿಸೋದು ಬಿಟ್ಟುಬಿಡ್ತಾನೇನು?”

ಈ ಪ್ರಶ್ನೆಗೆ ಮಗಳು ಆ ರಾತ್ರಿ ಉತ್ತರ ಕೊಡಲಿಲ್ಲ. ಬಿಟ್ಟುಬಿಡುವವರೂ ಉಂಟು, ಅವರನ್ನು ದೂರುವುದು ಸುಲಭವಲ್ಲ. ಎಷ್ಟೋ ಮನೆಗಳ ಅಟ್ಟದ ಮೇಲೆ ಅರ್ಧಕ್ಕೆ ನಿಂತ ಟಿಪ್ಪಣಿ ಪುಸ್ತಕಗಳು ಹಳೆಯ ಪಂಚಾಂಗಗಳ ಜೊತೆಗೆ ಧೂಳು ಹೊದ್ದು ಮಲಗಿವೆ.

ನವೆಂಬರಿನಲ್ಲಿ ಅವಳು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದಳು. ಶನಿವಾರ ಮಧ್ಯಾಹ್ನ ಮತ್ತೆ ರೈಸ್ ಅವರ ಸಂಪುಟಗಳು ಮೇಜಿನ ಮೇಲೆ ತೆರೆದುಕೊಂಡವು. ಅದೇ ತಿಂಗಳು ಮುಂದಿನ ನೆಟ್ ಪರೀಕ್ಷೆಗೆ ಅರ್ಜಿ ಕರೆದರು. ಶುಲ್ಕ 1,150 ರೂಪಾಯಿ. ಕಾಲೇಜಿನ ಸಂಬಳ ಇನ್ನೂ ಕೈಗೆ ಬಂದಿರಲಿಲ್ಲ. ತಂದೆಯನ್ನು ಕೇಳಲು ಅವಳಿಗೆ ಸಂಕೋಚ. ಎರಡು ದಿನ ಸುಮ್ಮನಿದ್ದಳು.

ಮೂರನೆಯ ದಿನ ಅಜ್ಜಿ ತಮ್ಮ ಪಿಂಚಣಿಯ ಹಣವಿಡುವ ಬಿಸ್ಕತ್ತಿನ ಡಬ್ಬಿಯನ್ನು ತೆರೆದು, ನೋಟುಗಳನ್ನು ಎರಡು ಸಲ ಎಣಿಸಿ ಮೊಮ್ಮಗಳ ಕೈಯಲ್ಲಿಟ್ಟರು.

“ಬೇಡ ಅಜ್ಜಿ, ನಿನ್ನ ಔಷಧಿಗೆ ಇರಲಿ.”

“ಔಷಧಿಗೆ ಬೇರೆ ಇಟ್ಟಿದೀನಿ. ಇದು ಕಣದ ಪಾಲು” ಎಂದು ಅಜ್ಜಿ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದರು.